ವೀಲ್‌ಚೇರ್ ಬಿಲ್ಲು, ಆಟೊ ಚೀಟಿ, ಐದು ದಿನದ ಬಿಡುವು: ಯಾವುದನ್ನು ಯಾರ ಹತ್ತಿರ ಕೇಳೋದು?

ನಮ್ಮ ಬೀರುವಿನಲ್ಲಿ ಒಂದು ರಟ್ಟಿನ ಡಬ್ಬ ಇದೆ. ಮದುವೆ ಸೀರೆ ಬಂದಿದ್ದ ಡಬ್ಬ. ಈಗ ಅದರ ತುಂಬ ಬಿಲ್ಲುಗಳು. ಮಗನಿಗೆ 11 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದೆ. ನಾವಿರುವುದು ತುಮಕೂರಿನಲ್ಲಿ. ವಾರಕ್ಕೆರಡು ಸಲ ಊರಲ್ಲೇ ಥೆರಪಿ, ತಿಂಗಳಿಗೊಮ್ಮೆ ಬೆಂಗಳೂರು.

ಮೊದಲ ವರ್ಷ ನಾನು ಮಾಡಿದ್ದನ್ನು ಹೇಳಿದರೆ ನಗಬೇಡಿ. ಡಬ್ಬದಲ್ಲಿದ್ದುದನ್ನೆಲ್ಲ ಒಂದೇ ಕವರಿಗೆ ತುಂಬಿ ವಿಮೆಯವರಿಗೆ ಪೋಸ್ಟ್ ಮಾಡಿದ್ದೆ. ಥೆರಪಿ ಬಿಲ್ಲು, ವಾಕರ್ ಬಿಲ್ಲು, ಆಟೊದವರ ಹತ್ತಿರ ಬರೆಸಿಕೊಂಡ ಚೀಟಿಗಳು, ನಾದಿನಿ ಮದುವೆಗೆ ಹೋದಾಗ ನಾಲ್ಕು ದಿನ ಅವನನ್ನು ನೋಡಿಕೊಂಡ ಆಯಾ ಕೊಟ್ಟ ರಸೀದಿ, ಎಲ್ಲ. ಒಂದೂವರೆ ತಿಂಗಳ ಮೇಲೆ ಹಣ ಬಂತು. ಥೆರಪಿಯದ್ದು ಮಾತ್ರ. ಮಿಕ್ಕಿದ್ದಕ್ಕೆಲ್ಲ ಸೇರಿಸಿ ಒಂದೇ ಸಾಲು: ಪಾವತಿಗೆ ಅರ್ಹವಲ್ಲ.

ಆಗ ತುಂಬ ಸಿಟ್ಟು ಬಂದಿತ್ತು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತಾ ಹೋದ ಹಾಗೆ ಅರ್ಥವಾಯಿತು, ನಾನು ತಟ್ಟಿದ ಬಾಗಿಲೇ ಬೇರೆ. ನಮ್ಮ ದೇಶದಲ್ಲಿ ಆರೋಗ್ಯ ವಿಮೆ ಅಂದರೆ ಚಿಕಿತ್ಸೆಯ ಖರ್ಚು, ಅಷ್ಟೇ. ಓಡಾಟ, ಸಲಕರಣೆ, ನೋಡಿಕೊಳ್ಳುವವರಿಗೆ ಬಿಡುವು, ಇವು ಮೂರೂ ವಿಮೆಯ ಅಂಚಿನಲ್ಲಿ ನಿಂತಿರುತ್ತವೆ. ಕೆಲವಕ್ಕೆ ಚೂರುಪಾರು ಸಿಗುತ್ತದೆ, ಕೆಲವಕ್ಕೆ ಏನೂ ಇಲ್ಲ. ಆದರೆ ಬೇರೆ ಕಡೆ ಸಿಗುತ್ತದೆ. ತೊಂದರೆ ಏನೆಂದರೆ, ಆ ಬೇರೆ ಕಡೆಗಳಲ್ಲಿ ಹೆಚ್ಚಿನವು ಖರ್ಚಿಗೆ ಮೊದಲೇ ಕೇಳಬೇಕಾದಂಥವು. ಬಿಲ್ಲು ಹಿಡಿದುಕೊಂಡು ಹೋದರೆ ತಡವಾಗಿರುತ್ತದೆ.

ಮೊದಲು ನಿಮ್ಮ ಕೈಯಲ್ಲಿ ಯಾವ ಕಾರ್ಡಿದೆ?

ನಿರಾಮಯದಿಂದ ಶುರು ಮಾಡೋಣ. ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ವಿಮೆ ಇದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಮೆಡಿಕಲ್ ಟೆಸ್ಟ್ ಇಲ್ಲ, ವಯಸ್ಸಿನ ಮಿತಿ ಇಲ್ಲ, ಹುಟ್ಟಿನಿಂದ ಬಂದ ತೊಂದರೆ ಅಂತ ಹೊರಗಿಡುವುದಿಲ್ಲ, ಯಾವ ಆಸ್ಪತ್ರೆಯಲ್ಲಾದರೂ ತೋರಿಸಬಹುದು. ಸೇರುವಾಗ ಬಿಪಿಎಲ್‌ನವರಿಗೆ 250, ಉಳಿದವರಿಗೆ 500 ರೂಪಾಯಿ. ಆಮೇಲೆ ಪ್ರತಿ ವರ್ಷ ನವೀಕರಣಕ್ಕೆ 50 ಅಥವಾ 250. ಇದರ ದೊಡ್ಡ ಗುಣ ಅಂದರೆ ಅಡ್ಮಿಟ್ ಆಗದಿದ್ದರೂ ಥೆರಪಿ, ಔಷಧಿ, ಪರೀಕ್ಷೆಗಳ ಬಿಲ್ಲು ತೆಗೆದುಕೊಳ್ಳುತ್ತದೆ. ಬೇರೆ ವಿಮೆಗಳಲ್ಲಿ ಇದು ಅಪರೂಪ.

ಆದರೆ ಇದು ಎಲ್ಲರಿಗೂ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿರುವ ನಾಲ್ಕು ಗುಂಪಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಪೋಲಿಯೊ ಒಂದೇ ಇದ್ದರೆ, ದೃಷ್ಟಿ ತೊಂದರೆ ಒಂದೇ ಇದ್ದರೆ ನಿರಾಮಯಕ್ಕೆ ಸೇರುವುದಿಲ್ಲ. ಅಂಥವರಿಗಾಗಿ 2015ರಲ್ಲಿ ಸ್ವಾವಲಂಬನ್ ಅಂತ ಒಂದು ವಿಮೆ ಬಂದಿತ್ತು. ಈಗ ಇಲ್ಲ. ಹಳೆಯ ಮಾಹಿತಿ ಪುಟಗಳಲ್ಲಿ ಇನ್ನೂ ಹೆಸರಿದೆ, ಅದರ ಹಿಂದೆ ಬಿದ್ದು ಟೈಮ್ ವೇಸ್ಟ್ ಮಾಡಿಕೊಳ್ಳಬೇಡಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೋಡಿಕೊಳ್ಳುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಆಪರೇಷನ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇದು ಆಸ್ಪತ್ರೆಗೂ ಸರ್ಕಾರಕ್ಕೂ ನಡೆಯುವ ಲೆಕ್ಕ. ನಿಮ್ಮ ಕೈಗೆ ಬಿಲ್ಲೂ ಬರಲ್ಲ, ಹಣವೂ ಬರಲ್ಲ. ಹಾಗಾಗಿ ಈ ಬರಹದ ಮೂರು ಖರ್ಚುಗಳ ಮಟ್ಟಿಗೆ ಅದನ್ನು ಪಕ್ಕಕ್ಕಿಡಿ.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದ್ದರೆ ನೀವು ಅದೃಷ್ಟವಂತರು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇದು ಅನ್ವಯ. ಉದ್ಯೋಗಿಯೇ ಅಂಗವಿಕಲರಾಗಿದ್ದರೆ 25,000. ಚಿಕಿತ್ಸೆಯ ಜೊತೆ ಕೃತಕ ಕೈಕಾಲು, ಸಲಕರಣೆಗಳೂ ಇದರೊಳಗೆ ಬರುತ್ತವೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮಗು ದೊಡ್ಡದಾದ ಮೇಲೂ, ವೈಕಲ್ಯದಿಂದಾಗಿ ಪೂರ್ತಿ ನಿಮ್ಮನ್ನೇ ಅವಲಂಬಿಸಿದ್ದರೆ ಕುಟುಂಬದ ಸದಸ್ಯ ಅಂತಲೇ ಲೆಕ್ಕ. ನಮ್ಮ ಯಜಮಾನರು ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿದ್ದಾರೆ. ಸಂಬಳ 21,000 ದಾಟಿದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಆಮೇಲೆ ನೋಡಿದರೆ ಇಎಸ್‌ಐ ಹೋಯಿತು. ತಕ್ಷಣ ಹೋಗಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ವಂತಿಗೆಯ ಎರಡು ಅವಧಿಗಳಿವೆ. ಮಧ್ಯದಲ್ಲಿ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗಾದರೂ ಕಾರ್ಡ್ ಇರುತ್ತದೆ. ಆ ಕೆಲವು ತಿಂಗಳಲ್ಲೇ ಬೇಕಾದ ಸಲಕರಣೆ ಬರೆಸಿಕೊಂಡುಬಿಡಿ. ನಾವು ಬರೆಸಿಕೊಳ್ಳಲಿಲ್ಲ.

ಕೊನೆಯದು ಖಾಸಗಿ ಪಾಲಿಸಿ, ಅಥವಾ ಕಂಪನಿ ಕೊಡುವ ಗ್ರೂಪ್ ಪಾಲಿಸಿ. ಎರಡರಲ್ಲಿ ಆರಿಸುವ ಹಾಗಿದ್ದರೆ ಕಂಪನಿಯದ್ದೇ ಮೇಲು. ಮೊದಲೇ ಇದ್ದ ಕಾಯಿಲೆಗೆ ಅಲ್ಲಿ ಸಾಮಾನ್ಯವಾಗಿ ಕಾಯಿಸುವುದಿಲ್ಲ. ನೀವೇ ಕೊಳ್ಳುವ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಿಸಬಹುದು. ಅಂಗವಿಕಲರಿಗೆ ಪಾಲಿಸಿ ಕೊಡುವುದೇ ಇಲ್ಲ ಅನ್ನುವ ಕಾಲ ಒಂದಿತ್ತು. 2023ರ ಫೆಬ್ರವರಿಯಲ್ಲಿ ವಿಮಾ ಪ್ರಾಧಿಕಾರ ಐಆರ್‌ಡಿಎಐ, ಪ್ರತಿ ಕಂಪನಿಯೂ ಅಂಗವಿಕಲರಿಗೆ ಒಂದಾದರೂ ಪಾಲಿಸಿ ಇಟ್ಟಿರಬೇಕು ಅಂತ ಆದೇಶ ಮಾಡಿತು. ಏಜೆಂಟು ನಿಮ್ಮ ಮಗನಿಗೆ ಆಗಲ್ಲಮ್ಮ ಅಂದರೆ ಈ ಮಾತು ನೆನಪಿಸಿ.

ನನ್ನ ಮಾತು ಇಷ್ಟು. ಆ ನಾಲ್ಕು ಗುಂಪಿನಲ್ಲಿ ನಿಮ್ಮ ಮಗು ಇದ್ದರೆ, ಬೇರೆ ಏನೇ ಇರಲಿ, ನಿರಾಮಯ ಮಾಡಿಸಿ. ಕಟ್ಟಿದ 500 ರೂಪಾಯಿ ಒಂದೆರಡು ಥೆರಪಿ ಸಿಟ್ಟಿಂಗ್‌ನಲ್ಲೇ ವಾಪಸ್ ಬರುತ್ತದೆ. ಅದು ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದ ವಿಮೆ. ಜನವರಿಯಲ್ಲಿ ಸೇರಿದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ವರ್ಷದ ಶುರುವಿನಲ್ಲೇ ಸೇರುವುದು ಜಾಣತನ.

ಓಡಾಟ: ಕ್ಲೇಮಿಗಿಂತ ಪಾಸೇ ವಾಸಿ

ನಿರಾಮಯದ 1 ಲಕ್ಷ ಅನ್ನುವುದು ಒಂದೇ ಗಂಟಲ್ಲ. ಆಪರೇಷನ್‌ಗೆ ಇಷ್ಟು, ಥೆರಪಿಗೆ ಇಷ್ಟು ಅಂತ ಒಳಗೆ ಬೇರೆ ಬೇರೆ ಖಾನೆಗಳಿವೆ. ಓಡಾಟಕ್ಕೂ ಒಂದು ಖಾನೆ ಇದೆ. ಅದೇ ಎಲ್ಲಕ್ಕಿಂತ ಚಿಕ್ಕದು. ಇಡೀ ವರ್ಷಕ್ಕೆ ಒಂದೆರಡು ಸಾವಿರದ ಒಳಗಿನ ಮಾತು. ಖಾಸಗಿ ಪಾಲಿಸಿಯಲ್ಲಾದರೆ ಅಡ್ಮಿಟ್ ಆದಾಗ ಆಂಬುಲೆನ್ಸಿಗೆ ಮಾತ್ರ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಒಂದು ಸಲ ಅಡ್ಮಿಟ್ ಆದರೆ ಆಂಬುಲೆನ್ಸಿಗೆ 2,000 ರೂಪಾಯಿವರೆಗೆ ಸಿಗುತ್ತದೆ. ಫಿಸಿಯೋಥೆರಪಿಗೆ ಹೋದ ಆಟೊ, ಫಾಲೋಅಪ್‌ಗೆ ಹೋದ ಕ್ಯಾಬ್, ಇವು ಯಾವುವೂ ಬರಲ್ಲ. ಪಾಲಿಸಿ ಪುಸ್ತಕದ ಹಿಂಭಾಗದಲ್ಲಿ, ಹಣ ಕೊಡಬೇಕಿಲ್ಲದ 68 ಬಾಬತ್ತುಗಳ ಒಂದು ಪಟ್ಟಿ ಇರುತ್ತದೆ. ಪ್ರಾಧಿಕಾರವೇ ಮಾಡಿದ ಪಟ್ಟಿ. ಅದರಲ್ಲಿ ಕನ್ವೇಯನ್ಸ್ ಚಾರ್ಜಸ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ.

ಆದ್ದರಿಂದ ಓಡಾಟದ ಹಣ ವಾಪಸ್ ಪಡೆಯುವ ಆಸೆ ಬಿಟ್ಟು, ಖರ್ಚೇ ಆಗದಂತೆ ನೋಡಿಕೊಳ್ಳುವುದು ಲಾಭ. ಕೆಎಸ್‌ಆರ್‌ಟಿಸಿಯ ವಿಕಲಚೇತನರ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ. ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ತುಮಕೂರಿನಿಂದ ಬೆಂಗಳೂರು ಸುಮಾರು 70. ಹಾಗಾಗಿ ನಮಗೆ ಸರಿಹೋಗುತ್ತದೆ. ಚಿತ್ರದುರ್ಗದವರಿಗೆ ಬೆಂಗಳೂರು ಈ ಅಳತೆಗೆ ಸಿಗುವುದಿಲ್ಲ. ಆದರೆ ದಾವಣಗೆರೆ ಸಿಗುತ್ತದೆ. ಇನ್ನು 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ನನ್ನ ಟಿಕೆಟ್ಟು ಉಚಿತ. ಅಂದರೆ ಅವನ 660 ರೂಪಾಯಿಯಲ್ಲಿ ಇಬ್ಬರ ಇಡೀ ವರ್ಷದ ಬೆಂಗಳೂರು ಓಡಾಟ ಮುಗಿಯಿತು. ಮಗಳಾಗಿದ್ದರೆ ಆ ಪಾಸೂ ಬೇಕಿರಲಿಲ್ಲ. ರಾಜಹಂಸ, ಐರಾವತ ಹತ್ತಿದರೆ ಮಾತ್ರ ಶಕ್ತಿ ನಡೆಯಲ್ಲ. ಕೆಂಪು ಬಸ್ಸೇ ಗತಿ. ಹನ್ನೊಂದು ವರ್ಷದ ಹುಡುಗನನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುವುದು ಬೇರೆ ಕಥೆ.

ಅದಕ್ಕೇ ನಾವು ಈಗೀಗ ರೈಲಿಗೆ ಹೋಗುತ್ತೇವೆ. ಕೈಕಾಲಿನ ವೈಕಲ್ಯದಿಂದಾಗಿ, ಅಥವಾ ಬುದ್ಧಿಮಾಂದ್ಯತೆಯಿಂದಾಗಿ ಒಬ್ಬರೇ ಪ್ರಯಾಣ ಮಾಡಲಾಗದವರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, 3ಎಸಿಗಳಲ್ಲಿ ಶೇ 75 ರಿಯಾಯಿತಿ. 2ಎಸಿ, ಫಸ್ಟ್ ಎಸಿಯಲ್ಲಿ ಶೇ 50. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಇದನ್ನು ಕ್ಲೇಮ್ ಮಾಡಬೇಕಿಲ್ಲ, ಟಿಕೆಟ್ಟಿನಲ್ಲೇ ಕಡಿಮೆಯಾಗುತ್ತದೆ. ಆದರೆ ರೈಲ್ವೆಯದೇ ನಮೂನೆಯಲ್ಲಿ ಸರ್ಕಾರಿ ಡಾಕ್ಟರ ಹತ್ತಿರ ಸರ್ಟಿಫಿಕೇಟು ಬರೆಸಬೇಕು, ಅದರ ಮೇಲೆ ರೈಲ್ವೆಯ ಗುರುತಿನ ಚೀಟಿ ಮಾಡಿಸಬೇಕು. ಒಂದೇ ಸಲದ ತಾಪತ್ರಯ.

ಹಾಗಾದರೆ ನಿರಾಮಯದ ಆ ಪುಟ್ಟ ಖಾನೆ ಯಾಕೆ? ಬಸ್ಸು ರೈಲು ಆಗದ ದಿನಕ್ಕೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ನಾವು ಕಾರು ಮಾಡಿಕೊಂಡು ಬಂದೆವು. ಆ ರಸೀದಿ ಪಾಸಾಯಿತು. ಯಾಕೆ ಪಾಸಾಯಿತು ಅಂದರೆ ಅದರ ತಾರೀಕೂ ಡಿಸ್ಚಾರ್ಜ್ ತಾರೀಕೂ ಒಂದೇ ಆಗಿತ್ತು, ಎಲ್ಲಿಂದ ಎಲ್ಲಿಗೆ ಅಂತ ಬರೆದಿತ್ತು. ಸುಮ್ನೆ "ಬಾಡಿಗೆ 1,800" ಅಂತ ಬರೆಸಿಕೊಂಡು ಬಂದರೆ ಯಾರೂ ನಂಬಲ್ಲ. ನಂಬಬೇಕಾಗಿಯೂ ಇಲ್ಲ.

ಅಂಗವಿಕಲರು ತಾವೇ ಕೆಲಸಕ್ಕೆ ಹೋಗುವವರಾದರೆ ಇನ್ನೊಂದು ದಾರಿ ಇದೆ. ದೃಷ್ಟಿ, ಶ್ರವಣ ಅಥವಾ ಕೈಕಾಲಿನ ವೈಕಲ್ಯ ಇರುವ ಉದ್ಯೋಗಿಗೆ ಕಂಪನಿ ಕೊಡುವ ಸಾರಿಗೆ ಭತ್ಯೆಯಲ್ಲಿ ಒಂದು ಮಿತಿಯವರೆಗೆ ಆದಾಯ ತೆರಿಗೆ ಇಲ್ಲ. ಎಚ್‌ಆರ್‌ನವರಿಗೆ ಹೇಳಿ ಸಂಬಳದ ಚೀಟಿಯಲ್ಲಿ ಅದನ್ನು ಬೇರೆ ಸಾಲಾಗಿ ಬರೆಸಿಕೊಳ್ಳಿ.

ಸಲಕರಣೆ: ಕೊಳ್ಳುವ ಮುಂಚೆ ಒಂದು ವಾರ ತಡೆಯಿರಿ

ಆ 68ರ ಪಟ್ಟಿಯನ್ನು ಒಮ್ಮೆ ಕೂತು ಓದಿ. ವಾಕಿಂಗ್ ಏಡ್ಸ್, ಸ್ಪ್ಲಿಂಟ್, ಬೆಲ್ಟು, ನೀ ಬ್ರೇಸ್, ಕುತ್ತಿಗೆ ಕಾಲರ್, ಏರ್ ಬೆಡ್, ನೆಬ್ಯುಲೈಸರ್ ಕಿಟ್, ಡೈಪರ್. ನಮ್ಮ ಮನೆಯನ್ನು ನೋಡಿಯೇ ಬರೆದ ಹಾಗಿದೆ. ಆಪರೇಷನ್ ಮಾಡುವಾಗ ಮೈಯೊಳಗೆ ಕೂರಿಸುವ ರಾಡು, ಪ್ಲೇಟಿಗೆ ವಿಮೆ ಹಣ ಕೊಡುತ್ತದೆ. ಮೈಮೇಲೆ ತೊಡುವುದಕ್ಕೆ, ಕೈಯಲ್ಲಿ ಹಿಡಿಯುವುದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿರಾಮಯದಲ್ಲೂ ವೀಲ್‌ಚೇರಿಗೆ ಖಾನೆ ಇಲ್ಲ. ಇಎಸ್‌ಐ ಒಂದು ಬಿಟ್ಟರೆ ಈ ವಿಷಯದಲ್ಲಿ ವಿಮೆಯಿಂದ ಪ್ರಯೋಜನ ಕಡಿಮೆ.

ಇಲ್ಲಿ ನಿಜವಾದ ಆಯ್ಕೆ ಮೂರು: ಅಡಿಪ್ ಯೋಜನೆ, ನಿಮ್ಮ ಪಂಚಾಯಿತಿ ಅಥವಾ ಪಾಲಿಕೆಯ ನಿಧಿ, ಸ್ವಂತ ದುಡ್ಡು.

ಅಡಿಪ್ ಅಂದರೆ ಕೇಂದ್ರ ಸರ್ಕಾರ 1981ರಿಂದ ನಡೆಸುತ್ತಿರುವ ಸಲಕರಣೆ ಯೋಜನೆ. ಸಲಕರಣೆ ಮಾಡಿಕೊಡುವುದು ಹೆಚ್ಚಾಗಿ ಕಾನ್ಪುರದ ಅಲಿಂಕೊ ಸಂಸ್ಥೆ. ಬೆಂಗಳೂರಿನಲ್ಲೂ ಅದರ ಒಂದು ಘಟಕ ಇದೆ. ತಿಂಗಳ ಆದಾಯ 22,500 ರೂಪಾಯಿವರೆಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಇದ್ದರೆ ಅರ್ಧ ಬೆಲೆ. ಶೇ 40 ವೈಕಲ್ಯ, ಯುಡಿಐಡಿ ಕಾರ್ಡು (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ಆದಾಯ ಪ್ರಮಾಣಪತ್ರ ಬೇಕು. ಒಂದು ಸಲ ತೆಗೆದುಕೊಂಡರೆ ಮೂರು ವರ್ಷ ಮತ್ತೆ ಕೇಳುವ ಹಾಗಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ. ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಸಲಕರಣೆ ಹಂಚುವ ಶಿಬಿರದಲ್ಲಿ ಗಡಿಬಿಡಿ ಇರುತ್ತದೆ, ಮೂರು ವರ್ಷ ಆಗಿಲ್ಲ ಅಂತ ಯಾರಾದರೂ ವಾಪಸ್ ಕಳಿಸಿಬಿಡಬಹುದು.

ಅಡಿಪ್‌ನಲ್ಲಿ ಹಣ ವಾಪಸ್ ಅನ್ನುವುದಿಲ್ಲ. ವಸ್ತುವನ್ನೇ ಕೊಡುತ್ತಾರೆ. ಅಂಗಡಿಯಲ್ಲಿ ಕೊಂಡುಬಿಟ್ಟರೆ ಕಥೆ ಮುಗಿಯಿತು.

ಅದರ ಕೊರತೆಯನ್ನೂ ಹೇಳಬೇಕಲ್ಲ. ಒಂದು ದಿನ ಅಳತೆ ತೆಗೆಯುತ್ತಾರೆ, ಕೆಲವು ತಿಂಗಳ ಮೇಲೆ ಇನ್ನೊಂದು ದಿನ ವಿತರಣೆ. ಬೆಳೆಯುವ ಮಕ್ಕಳು ಅಷ್ಟು ದಿನ ಬೆಳೆಯದೆ ಕಾಯುತ್ತಾರಾ? ಮಗನಿಗೆ ಬಂದ ಕುರ್ಚಿಯಲ್ಲಿ ಕೂರಿಸಿದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಹಾಗೆ ಕೂತರೆ ಬೆನ್ನು ಬಾಗುತ್ತದೆ, ಊಟವೂ ಸರಿಯಾಗಿ ಇಳಿಯಲ್ಲ. ಥೆರಪಿ ಸೆಂಟರಿನ ಅಣ್ಣ ನೋಡಿದವನೇ ಒಳಗಿಂದ ಸ್ಪ್ಯಾನರ್ ತಂದ. ಕಾಲಿಡುವ ಹಲಗೆಯನ್ನು ಎರಡು ತೂತು ಕೆಳಕ್ಕೆ ಇಳಿಸಿ, ಬೆನ್ನ ಹಿಂದೆ ಒಂದು ಫೋಮ್ ತುಂಡು ಸಿಕ್ಕಿಸಿದ. ಹತ್ತು ನಿಮಿಷದ ಕೆಲಸ. ಅವನು ನೋಡದಿದ್ದರೆ ಕುರ್ಚಿ ಅಟ್ಟ ಸೇರುತ್ತಿತ್ತು. ಹೀಗಾಗಿ ಯಾವ ಉಚಿತ ಕುರ್ಚಿ ಬಂದರೂ ಮೊದಲ ದಿನವೇ ಫಿಸಿಯೋ ಹತ್ತಿರ ಒಯ್ಯಿರಿ.

ಆದರೆ ಕಾಲಿನ ಅಚ್ಚು ತೆಗೆದು ಮಾಡುವ ಎಎಫ್‌ಓ (ಪಾದ, ಕಣಕಾಲಿಗೆ ತೊಡಿಸುವ ಆಸರೆ) ಅಂಥವನ್ನು ನಾನು ಶಿಬಿರಕ್ಕೆ ಬಿಡಲ್ಲ. ಅಚ್ಚು ತೆಗೆದ ಕೆಲವೇ ದಿನದಲ್ಲಿ ಹಾಕಿ ನೋಡಬೇಕು, ಚರ್ಮ ಕೆಂಪಾದ ಕಡೆ ಬಿಸಿ ಮಾಡಿ ಅಗಲಿಸಬೇಕು, ಮತ್ತೆ ಹಾಕಬೇಕು. ಅದಕ್ಕೆ ಮಾಡಿದವರು ಕೈಗೆ ಸಿಗುವ ಹಾಗಿರಬೇಕು. ನಾವು ಜೋಡಿಗೆ 5,200 ಕೊಟ್ಟು ಮಾಡಿಸುತ್ತೇವೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ಎಪಿಡಿಯಂಥ ಸಂಸ್ಥೆಗಳಲ್ಲಿ ಈ ಕೆಲಸ ತಿಳಿದವರಿದ್ದಾರೆ. ವೀಲ್‌ಚೇರ್ ಅಳತೆಯನ್ನೂ ಅಲ್ಲೇ ನೋಡಿಸಬಹುದು. ಕಿವಿಯ ಸಾಧನಕ್ಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಪರೀಕ್ಷೆ, ಸಾಧನ, ತರಬೇತಿ ಮೂರೂ ಒಂದೇ ಆವರಣದಲ್ಲಿ ಸಿಗುವಾಗ ಬೇರೆ ಕಡೆ ಹೋಗುವುದು ಯಾಕೆ?

ಇನ್ನು ಪಾಲಿಕೆಯ ನಿಧಿ. ಪಂಚಾಯಿತಿ, ಪುರಸಭೆ, ಪಾಲಿಕೆ ಎಲ್ಲವೂ ತಮ್ಮ ಹಣದಲ್ಲಿ ಶೇ 5 ಭಾಗವನ್ನು ಅಂಗವಿಕಲರಿಗೆ ಇಡಬೇಕು. ಅಡಿಪ್‌ನ ಆದಾಯ ಮಿತಿ ದಾಟಿದವರು, ಮೂರು ವರ್ಷ ಆಗದವರು ಇಲ್ಲಿ ಪ್ರಯತ್ನಿಸಿ. ಇದಕ್ಕೆ ಕೇಳಬೇಕಾದವರು ಪುನರ್ವಸತಿ ಕಾರ್ಯಕರ್ತರು: ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು. ಇವರೂ ಬಹುಪಾಲು ಅಂಗವಿಕಲರೇ, ಗೌರವಧನಕ್ಕೆ ದುಡಿಯುವವರು. ಯಾವ ಕಚೇರಿಯಲ್ಲಿ ಯಾವ ಮೇಜು ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ನಂಬರ್ ಇಟ್ಟುಕೊಳ್ಳಿ, ಹಬ್ಬಕ್ಕೆ ಫೋನ್ ಮಾಡಿ.

ಡೈಪರಿಗೆ ಮಾತ್ರ ಯಾರೂ ಕೊಡಲ್ಲ. ನಮ್ಮ ತಿಂಗಳ ಖರ್ಚಿನಲ್ಲಿ ದೊಡ್ಡದೇ ಅದು. ತೆರಿಗೆ ಕಟ್ಟುವವರಾದರೆ ಒಂದು ಸಮಾಧಾನ ಇದೆ. ಎಲ್ಲರೂ 80ಡಿಡಿ ಅಂತ ಕರೆಯುವ ರಿಯಾಯಿತಿಯಲ್ಲಿ ಅವಲಂಬಿತ ಅಂಗವಿಕಲರಿಗಾಗಿ 75,000 ರೂಪಾಯಿ, ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1.25 ಲಕ್ಷ ಆದಾಯದಿಂದ ಕಳೆಯುತ್ತಾರೆ. ನೀವು ಖರ್ಚು ಮಾಡಿದ್ದು ಎಷ್ಟೇ ಇರಲಿ, ಪೂರ್ತಿ ಮೊತ್ತ ಸಿಗುತ್ತದೆ. ಡೈಪರ್ ಬಿಲ್ಲು ಕೂಡಿಸಿಡುವ ಅಗತ್ಯವಿಲ್ಲ, ಡಾಕ್ಟರ ಸರ್ಟಿಫಿಕೇಟ್ ಸಾಕು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಗೆ ಹೋಗುವ ಮುಂಚೆ ಎರಡೂ ಕಡೆ ಲೆಕ್ಕ ಹಾಕಿಸಿ ನೋಡಿ.

ಕಾಗದದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ

ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್ಲು ಬೇಸಿಗೆಯಲ್ಲಿ ಅಳಿಸಿಹೋಗುತ್ತದೆ. ನನ್ನ ಡಬ್ಬದಲ್ಲಿ ಅಂಥ ಬಿಳಿ ಚೀಟಿಗಳು ಒಂದು ಹಿಡಿ ಇವೆ. ಏನು ಕೊಂಡಿದ್ದೆವೋ ದೇವರಿಗೇ ಗೊತ್ತು. ಬಿಲ್ಲು ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಫೋಟೊ ಇಟ್ಟುಕೊಳ್ಳಿ. ಡಾಕ್ಟರ ಚೀಟಿಯ ತಾರೀಕು ಬಿಲ್ಲಿಗಿಂತ ಮುಂಚಿನದಾಗಿರಬೇಕು. ಥೆರಪಿ ಬಿಲ್ಲಿನಲ್ಲಿ ಒಟ್ಟು ಮೊತ್ತ ಇದ್ದರೆ ಸಾಲದು. ಯಾವ ದಿನ, ಎಷ್ಟು ಸಿಟ್ಟಿಂಗ್, ಮಾಡಿದವರ ಓದು, ಸಹಿ, ಸೀಲು ಎಲ್ಲ ಇರಲಿ. ವರ್ಷಕ್ಕೊಮ್ಮೆ ಕಳಿಸೋಣ ಅಂತ ಕೂರಬೇಡಿ, ಪ್ರತಿ ತಿಂಗಳು ಕಳಿಸಿ.

ಎರಡು ವಿಮೆ ಇದ್ದರೆ ಒಂದೇ ಬಿಲ್ಲಿಗೆ ಎರಡೂ ಕಡೆ ಪೂರ್ತಿ ಹಣ ಕೇಳುವ ಹಾಗಿಲ್ಲ. ಒಂದು ಕಡೆ ಸ್ವಲ್ಪ ಬಂದರೆ, ಅವರಿಂದ ಸೆಟಲ್‌ಮೆಂಟ್ ಪತ್ರ ತೆಗೆದುಕೊಂಡು ಉಳಿದದ್ದನ್ನು ಇನ್ನೊಂದು ಕಡೆ ಕೇಳಬಹುದು. ಇದು ಮೋಸ ಅಲ್ಲ, ನಿಯಮದಲ್ಲೇ ಇದೆ. ಖಾಸಗಿ ವಿಮೆಯವರು ಕಾರಣ ಕೊಡದೆ ತಿರಸ್ಕರಿಸಿದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವವರು) ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ.

ಮಗುವಿಗೆ 18 ತುಂಬುವುದರೊಳಗೆ ಇನ್ನೊಂದು ಕೆಲಸ ಇದೆ. ಆ ನಾಲ್ಕು ಗುಂಪಿನವರಿಗೆ 18 ಆದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು.

ಬಿಡುವು: ಇದಕ್ಕೆ ಕನ್ನಡದಲ್ಲಿ ಒಂದು ಹೆಸರೂ ಇಲ್ಲ

ಇಂಗ್ಲಿಷಿನಲ್ಲಿ ರೆಸ್ಪೈಟ್ ಕೇರ್ ಅನ್ನುತ್ತಾರೆ. ನೋಡಿಕೊಳ್ಳುವವರಿಗೆ ಸುಸ್ತಾದಾಗ, ಕಾಯಿಲೆ ಬಿದ್ದಾಗ, ಊರಿಗೆ ಹೋಗಲೇಬೇಕಾದಾಗ, ಮಗುವನ್ನು ಕೆಲವು ದಿನ ಬೇರೆಯವರು ಜೋಪಾನವಾಗಿ ಇಟ್ಟುಕೊಳ್ಳುವುದು. ನಮ್ಮಲ್ಲಿ ಈ ಕೆಲಸ ಅಜ್ಜಿಯರದ್ದಾಗಿತ್ತು. ಅಜ್ಜಿಗೆ ಮಂಡಿ ನೋವು ಬಂದ ದಿನದಿಂದ ಯಾರದ್ದೂ ಅಲ್ಲ.

ಕಳೆದ ವರ್ಷ ನನಗೇ ಹರ್ನಿಯಾ ಆಪರೇಷನ್ ಆಯಿತು. ಭಾರ ಎತ್ತಬೇಡಿ ಅಂದರು. ಮಗ 24 ಕೆಜಿ. ಆಗ ಪರಿಚಯದವರೊಬ್ಬರು ಒಂದು ಉಪಾಯ ಹೇಳಿದರು. "ಹುಡುಗನನ್ನು ಯಾವುದಾದರೂ ನರ್ಸಿಂಗ್ ಹೋಮಿನಲ್ಲಿ ಐದು ದಿನ ಅಡ್ಮಿಟ್ ಮಾಡಿಬಿಡಕ್ಕ. ವಿಮೆ ಇದೆಯಲ್ಲ, ಅಬ್ಸರ್ವೇಶನ್ ಅಂತ ಬರೆಸಿದರಾಯಿತು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಈ ದಾರಿಗೆ ಹೋಗಲೇಬೇಡಿ. ಐಆರ್‌ಡಿಎಐ ಎಲ್ಲ ಪಾಲಿಸಿಗಳಿಗೂ ಒಂದೇ ಮಾತಿನಲ್ಲಿ ಬರೆದಿಟ್ಟ ಹೊರಗಿಡುವ ಷರತ್ತುಗಳಲ್ಲಿ ಐದನೆಯದು ಇದೇ. ಅದರ ತಲೆಬರಹದಲ್ಲೇ ವಿಶ್ರಾಂತಿ, ಪುನರ್ವಸತಿ, ರೆಸ್ಪೈಟ್ ಕೇರ್ ಅಂತ ಇದೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎಬ್ಬಿಸಿ ಕೂರಿಸುವುದು, ಇವನ್ನು ಮನೆಯಲ್ಲಿ ಮಾಡಲಿ, ನರ್ಸಿಂಗ್ ಹೋಮಿನಲ್ಲಿ ಮಾಡಲಿ, ನರ್ಸ್ ಮಾಡಲಿ, ಆಯಾ ಮಾಡಲಿ, ಹಣ ಬರಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಚಿಕಿತ್ಸೆ ಏನೂ ಕಾಣದಿದ್ದರೆ ಕ್ಲೇಮ್ ಹೋಗುತ್ತದೆ. ಸುಳ್ಳು ಬರೆಸಿದ್ದು ಗೊತ್ತಾದರೆ ಪಾಲಿಸಿಯೇ ಹೋಗುತ್ತದೆ. ನಾಳೆ ನಿಜವಾಗಿ ಆಪರೇಷನ್ ಬೇಕಾದಾಗ ಕೈಯಲ್ಲಿ ಏನೂ ಇರಲ್ಲ.

ಹಾಗಾದರೆ ಏನಿದೆ? ನ್ಯಾಷನಲ್ ಟ್ರಸ್ಟಿನ ಸಮರ್ಥ್ ಯೋಜನೆ ಶುರುವಾಗಿದ್ದೇ ಇದಕ್ಕೆ. ಈಗ ಅದನ್ನು ಘರೌಂದಾ ಅನ್ನುವ ಇನ್ನೊಂದು ಯೋಜನೆಯ ಜೊತೆ ಸೇರಿಸಿದ್ದಾರೆ. ನಿರಾಮಯದ ಅದೇ ನಾಲ್ಕು ಗುಂಪಿನವರಿಗೆ ಉಳಿದುಕೊಳ್ಳುವ ವ್ಯವಸ್ಥೆ. ಇಲ್ಲಿ ನೀವು ಕ್ಲೇಮ್ ಹಾಕುವ ಪ್ರಶ್ನೆ ಇಲ್ಲ, ಟ್ರಸ್ಟಿನ ನೆರವು ನಡೆಸುವ ಸಂಸ್ಥೆಗೆ ಹೋಗುತ್ತದೆ. ಎಲ್ಲ ಜಿಲ್ಲೆಯಲ್ಲೂ ಇಂಥ ಕೇಂದ್ರ ಇಲ್ಲ. ಅದೇ ದೊಡ್ಡ ಕೊರತೆ. ಇದೇ ಟ್ರಸ್ಟಿನ ದಿಶಾ, ವಿಕಾಸ್ ಅನ್ನುವ ಹಗಲು ಕೇಂದ್ರಗಳೂ ಇವೆ. ಮೊದಲು ದಿಶಾ 10 ವರ್ಷದವರೆಗಿನ ಮಕ್ಕಳಿಗೆ, ವಿಕಾಸ್ ಅದಕ್ಕಿಂತ ದೊಡ್ಡವರಿಗೆ ಅಂತ ಬೇರೆ ಬೇರೆ ಇದ್ದವು, ಈಗ ಎರಡನ್ನೂ ಒಂದೇ ಯೋಜನೆ ಮಾಡಿದ್ದಾರೆ. ರಾತ್ರಿ ಮನೆಯಲ್ಲಿ ಯಾರಾದರೂ ಇರುತ್ತಾರೆ, ಹಗಲಿನದ್ದೇ ಕಷ್ಟ ಅನ್ನುವವರಿಗೆ ಇವು ಸಾಕು.

ಎರಡನೆಯದು ಮನೆಗೇ ಆಯಾ ಕರೆಸುವುದು. ಮಗುವಿಗೆ ಜಾಗ ಬದಲಾಗಲ್ಲ, ಅದೊಂದು ಲಾಭ. ಆದರೆ ಏಜೆನ್ಸಿಯಿಂದ ಬರುವವರಲ್ಲಿ ಹೆಚ್ಚಿನವರು ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡು ಅಭ್ಯಾಸ ಇರುವವರು. ಮಗುವಿಗೆ ಊಟ ಮಾಡಿಸುವುದು ಅವರಿಗೆ ಹೊಸದು. ಮೊದಲೆರಡು ದಿನ ನೀವು ಪಕ್ಕದಲ್ಲೇ ಇರುವ ಹಾಗಿದ್ದರೆ ಮಾತ್ರ ಇದನ್ನು ಆರಿಸಿ. ನೋಡಿಕೊಳ್ಳುವವರಿಗೆ ತರಬೇತಿ ಕೊಡುವ ಸಹಯೋಗಿ ಅಂತ ಟ್ರಸ್ಟಿನದೇ ಒಂದು ಯೋಜನೆ ಇದೆ. ಅಲ್ಲಿ ಕಲಿತವರು ಸಿಕ್ಕರೆ ಪುಣ್ಯ.

ಮೂರನೆಯದು ದುಡ್ಡು ಕೊಟ್ಟು ಯಾವುದಾದರೂ ವಿಶೇಷ ಶಾಲೆಯ ಹಾಸ್ಟೆಲಿನಲ್ಲೋ ಟ್ರಸ್ಟ್ ನಡೆಸುವ ಮನೆಯಲ್ಲೋ ಕೆಲವು ದಿನ ಬಿಡುವುದು. ಆ ಹಣ ಯಾವ ವಿಮೆಯಿಂದಲೂ ವಾಪಸ್ ಬರಲ್ಲ. ಆದರೆ ಅದಕ್ಕೆ ಹೊಂದಿಸುವ ಒಂದು ದಾರಿ ಇದೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಅಂತ 2024-25ರ ರಾಜ್ಯ ಬಜೆಟ್ ಘೋಷಿಸಿತು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತಿಂಗಳ ಲೆಕ್ಕದಲ್ಲಿ ಅದು ಹಾಲಿನ ಬಿಲ್ಲಿಗೂ ಸಾಲದು. ಮುಟ್ಟದೆ ಬಿಟ್ಟರೆ ವರ್ಷಕ್ಕೆ 12,000. ನಾನಾದರೆ ಅದನ್ನು ಬೇರೆ ಖಾತೆಯಲ್ಲಿಟ್ಟು ಬಿಡುವಿಗೇ ಅಂತ ಎತ್ತಿಡುತ್ತೇನೆ.

ನಾವು ಮೂರನೆಯದನ್ನೇ ಆರಿಸಿದೆವು, ಬೇರೆ ದಾರಿ ಇರಲಿಲ್ಲ. ಹಾಗೆ ಬಿಡುವವರಿಗೆ ಒಂದು ಮಾತು. ಮೊದಲೇ ಒಂದು ರಾತ್ರಿ ಬಿಟ್ಟು ನೋಡಿ. ಆಪರೇಷನ್ ತಾರೀಕು ಹತ್ತಿರ ಬಂದಾಗ ಹುಡುಕಲು ಹೊರಟರೆ ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ಹೋದಾಗ ಕಟ್ಟಡ ನೋಡಬೇಡಿ, ಊಟದ ಹೊತ್ತಿಗೆ ಹೋಗಿ ಯಾರು ಯಾರಿಗೆ ಹೇಗೆ ತಿನ್ನಿಸುತ್ತಾರೆ ಅಂತ ನೋಡಿ. ಮಲಗಿಸಿಕೊಂಡೇ ಬಾಯಿಗೆ ಹಾಕುತ್ತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ರಾತ್ರಿ ಎಷ್ಟು ಮಕ್ಕಳಿಗೆ ಎಷ್ಟು ಜನ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಅಷ್ಟು ಕೇಳಿ.

ನಾನು ಒಂದು ಹಾಳೆ ಬರೆದು ಅವನ ಚೀಲಕ್ಕೆ ಪಿನ್ ಮಾಡಿದ್ದೆ. ಮುದ್ದೆ ಬೇಡ, ನುಂಗಕ್ಕೆ ಆಗಲ್ಲ, ಮೆತ್ತನೆ ಅನ್ನ ಸಾರು. ನೇರ ಕೂರಿಸಿಯೇ ಕೊಡಿ. ಚಪ್ಪಟೆ ಚಮಚ ಚೀಲದಲ್ಲಿದೆ, ನಾಲಿಗೆಯ ಬಲಗಡೆಗೆ ಇಡಿ. ಮಾತ್ರೆ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ, ತಪ್ಪಿಸಬೇಡಿ. ಕಣ್ಣು ಮೇಲೆ ಎತ್ತಿದರೆ ಹೌದು ಅಂತ. ಮಲಗುವ ಮುಂಚೆ ಫ್ಯಾನ್ ತಿರುಗುವುದನ್ನು ನೋಡಬೇಕು, ಇಲ್ಲದಿದ್ದರೆ ನಿದ್ದೆ ಇಲ್ಲ.

ಮೊದಲ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಎರಡನೆಯ ರಾತ್ರಿ ಹತ್ತು ಗಂಟೆ ಮಲಗಿದ್ದೆನಂತೆ. ಐದನೆಯ ದಿನ ಯಜಮಾನರು ಹೋಗಿ ಕರೆದುಕೊಂಡು ಬಂದರು. ಹಾಳೆಯ ಕೆಳಗೆ ಅಲ್ಲಿನ ಅಕ್ಕ ಪೆನ್ಸಿಲ್ಲಿನಲ್ಲಿ ಒಂದು ಸಾಲು ಸೇರಿಸಿದ್ದರು: ಮೊಸರನ್ನ ಹೆಚ್ಚು ಇಷ್ಟ. ನಮಗೆ ಗೊತ್ತೇ ಇರಲಿಲ್ಲ. ಕಚೇರಿಯಲ್ಲಿ ರಸೀದಿ ಬೇಕಾ ಅಂತ ಕೇಳಿದರಂತೆ. ಯಾವ ವಿಮೆಗೂ ನಡೆಯಲ್ಲ ಅಂತ ಗೊತ್ತಿದ್ದೂ ಇವರು ಬೇಕು ಅಂದಿದ್ದಾರೆ. ಅದೂ ಡಬ್ಬದಲ್ಲಿದೆ.